ಎಡ ಮೊಣಕಾಲು ಸಡಿಲ, ಬಾಲದ ಸ್ಟಿಕ್ಕರ್ ಒಂದು ಇಲ್ಲ

ಹೋದ ತಿಂಗಳು ಟೋಕಿಯೋದ ನಾಕಾನೊದ ಹಳೆಯ ಆಟಿಕೆಗಳ ಅಂಗಡಿಯಲ್ಲಿ ನನಗೊಂದು ಹಳೆಯ ವಾಲ್ಕಿರಿ ಸಿಕ್ಕಿತು. ಗೇಣಿಗಿಂತ ತುಸು ಉದ್ದದ ಆಟಿಕೆ ಯುದ್ಧವಿಮಾನ. ಅಲ್ಲಲ್ಲಿ ಎಳೆದು, ಮಡಿಸಿ, ತಿರುಗಿಸಿದರೆ ಎದ್ದು ನಿಲ್ಲುವ ರೋಬೋ. ಬೆಲೆ ನನ್ನ ಜೇಬಿಗೆ ಹೊಂದುವಂತಿತ್ತು, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಪೆಟ್ಟಿಗೆಗೆ ಅಂಟಿಸಿದ್ದ ಚೀಟಿ. ಕನ್ನಡಕ್ಕೆ ತಂದರೆ ಅದರಲ್ಲಿ ಇದ್ದದ್ದು ಇಷ್ಟು: ಎಡ ಮೊಣಕಾಲು ಸಡಿಲ. ಬಾಲದ ಸ್ಟಿಕ್ಕರ್ ಒಂದು ಇಲ್ಲ. ಬಲ ರೆಕ್ಕೆಯ ತುದಿ ಹಳದಿಗಟ್ಟಿದೆ. ಪೆಟ್ಟಿಗೆಯ ಮೂಲೆ ಜಜ್ಜಿದೆ. ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದ ಹೆಸರಿದೆ. ಸ್ವಲ್ಪ ಸಿಗರೇಟಿನ ವಾಸನೆ.

ಎರಡು ಸಲ ಓದಿದೆ. ಕೊಳ್ಳುವವನು ಚೌಕಾಸಿಗೆ ಇಳಿಯಲು ಹುಡುಕಿ ತೆಗೆಯಬೇಕಾದ ಮಾತುಗಳನ್ನೆಲ್ಲ ಮಾರುವವನೇ ಬರೆದು ಅಂಟಿಸಿದ್ದಾನೆ! ಅಷ್ಟಕ್ಕೇ ಮುಗಿಯಲಿಲ್ಲ. ಗಲ್ಲಾದಲ್ಲಿದ್ದ ಹುಡುಗಿ ಕೈಗವಸು ಹಾಕಿಕೊಂಡು, ವಿಮಾನವನ್ನು ಹೊರತೆಗೆದು, ಕಾಲು ಬಿಡಿಸಿ, ಸಡಿಲವಾದ ಮೊಣಕಾಲು ನಿಲ್ಲದೆ ಕುಸಿಯುವುದನ್ನು ತೋರಿಸಿ, "ಇದು ಪರವಾಗಿಲ್ಲವೇ?" ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಹಳದಿ ತುದಿಯನ್ನು ಬೆಳಕಿಗೆ ಹಿಡಿದು "ಇದು?" ಎಂದಳು. ಅದೂ ಪರವಾಗಿಲ್ಲ. ಪೆಟ್ಟಿಗೆಯನ್ನು ಮೂಸಿ ನೋಡಲು ನನ್ನ ಮುಂದೆ ಹಿಡಿದಾಗ, ತಾಯೀ ಸಾಕು, ಕಟ್ಟಿಕೊಡು ಎಂದು ಕೈಮುಗಿಯಬೇಕು ಎನಿಸಿತು.

ನಿಶಿಕಸಾಯಿಯಲ್ಲಿ ನಮ್ಮ ಮನೆ. ನಾಕಾನೊಗೆ ತೋಜಾಯ್ ಮಾರ್ಗದ ರೈಲು ಹತ್ತಿದರೆ ಬದಲಿಸುವ ಗೋಜಿಲ್ಲ. ಹಿಂತಿರುಗುವ ಆ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆನೆಸಿಕೊಂಡದ್ದು ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದನ್ನು.

ರಜೆಗೆ ಹೋಗಿದ್ದಾಗ ಒಬ್ಬರು ಇಂಥದೇ ಇನ್ನೊಂದು ಆಟಿಕೆ, ಜೆಟ್‌ಫೈರ್ ಮಾರುತ್ತಾರೆಂದು ತಿಳಿಯಿತು. ಫೋನ್ ಮಾಡಿದೆ. "ಸೂಪರ್ ಕಂಡೀಷನ್ ಸಾರ್, ಒಂದೇ ಕೈ." ಏನಾದರೂ ಮುರಿದಿದೆಯೇ? "ಛೆ, ಎಲ್ಲಿಂದ ಬಂತು! ಬಂದು ನೋಡಿ." ಮಳೆಯಲ್ಲಿ ಆಟೋ ಹಿಡಿದು, ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಎಡ ರೆಕ್ಕೆ ಅಲುಗಾಡಲಿಲ್ಲ. ಜೆಟ್‌ಫೈರ್‌ಗೆ ರೆಕ್ಕೆ ಹಿಂದಕ್ಕೆ ಮಡಿಯುವುದೇ ಜೀವ. ಕೀಲಿನ ಸುತ್ತ ಫೆವಿಕ್ವಿಕ್ ಒಣಗಿದಾಗ ಏಳುವ ಬಿಳಿಯ ಮಂಜು ಸ್ಪಷ್ಟವಾಗಿ ಕಾಣುತ್ತಿತ್ತು. "ಇದಕ್ಕೆ ಅಂಟು ಹಾಕಿದ್ದೀರಲ್ಲವೇ?" ಎಂದೆ. ಆತ ಕಣ್ಣು ಮಿಟುಕಿಸದೆ ಹೇಳಿದ: "ಇಲ್ಲ ಸಾರ್, ಅದು ಹಾಗೆಯೇ ಬರುವುದು."

ಅದು ಹಾಗೆಯೇ ಬರುವುದು! ಹೊಸ ಫ್ಲ್ಯಾಟಿನ ಗೋಡೆಯ ತೇವ ಹಾಗೆಯೇ ಬರುವುದು. ತೂಕಕ್ಕೆ ಹಾಕಿದ ಮಾವಿನ ಹಣ್ಣಿನ ಅಡಿಯ ಕರಿಯ ಕಲೆ ಹಾಗೆಯೇ ಬರುವುದು. ಸೆಕೆಂಡ್‌ಹ್ಯಾಂಡ್ ಕಾರಿನ ಕಿಲೋಮೀಟರ್ ಮಾಪಕ ಮೂವತ್ತು ಸಾವಿರದ ಹತ್ತಿರವೇ ನಿಂತು ಬರುವುದು, ಅದನ್ನು ಓಡಿಸಿದವರು ಯಾವಾಗಲೂ ಒಬ್ಬ ಡಾಕ್ಟರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡಿನಲ್ಲಿ ಪ್ಲಾಸ್ಟಿಕ್ ರೆಕ್ಕೆಯ ಬಗ್ಗೆ ನಿಜ ಹೇಳುವವರು ಯಾರು? ನಾನು ಎದ್ದು ಹೊರಡುವಷ್ಟರಲ್ಲಿ ಆತನ ತಾಯಿ ಕಾಫಿ ತಂದರು. ಜೊತೆಗೆ ಕೋಡುಬಳೆ. ಕಾಫಿ ಕುಡಿದ ಮೇಲೆ ಬೇಡ ಎಂದು ಬರುವುದು ಹೇಗೆ? ಐನೂರು ರೂಪಾಯಿ ಕಡಿಮೆ ಮಾಡಿಸಿ, ಅಂಟಿಸಿದ ರೆಕ್ಕೆಯನ್ನೇ ತಂದೆ.

ಈ ಎರಡೂ ಆಟಿಕೆಗಳು ಒಂದೇ ತಾಯಿಯ ಮಕ್ಕಳು ಎಂಬುದು ನನ್ನ ಹೊಟ್ಟೆಯುರಿಯನ್ನು ಇನ್ನಷ್ಟು ಹೆಚ್ಚಿಸಿತು. 1982ರಲ್ಲಿ ಮ್ಯಾಕ್ರಾಸ್ ಎಂಬ ಕಾರ್ಟೂನ್ ಧಾರಾವಾಹಿ ಜಪಾನಿನ ಟಿವಿಯಲ್ಲಿ ಬಂದಾಗ ತಕಾತೊಕು ಎಂಬ ಕಂಪನಿ ಅದರಲ್ಲಿನ ವಿಮಾನ ವಾಲ್ಕಿರಿಯನ್ನು 1/55 ಅಳತೆಯಲ್ಲಿ ಮಾಡಿತು. ವಿನ್ಯಾಸ ಶೋಜಿ ಕವಾಮೊರಿಯವರದು. ಮೈಕಟ್ಟು ಅಮೆರಿಕದ ಎಫ್-14 ವಿಮಾನದ್ದು, ಹಿಂದಕ್ಕೆ ಸರಿಯುವ ರೆಕ್ಕೆಯೂ ಅಲ್ಲಿಂದಲೇ ಬಂದದ್ದು. 1984ರಲ್ಲಿ ತಕಾತೊಕು ದಿವಾಳಿಯಾಯಿತು, ಅಚ್ಚುಗಳು ಬಂದಾಯ್ ಕಂಪನಿಯ ಕೈಸೇರಿದವು. ಅದೇ ಅಚ್ಚಿನ ಆಟಿಕೆಯನ್ನು ಅಮೆರಿಕದ ಹ್ಯಾಸ್ಬ್ರೋ ಕಂಪನಿ 1985ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಸಾಲಿಗೆ ಸೇರಿಸಿ ಜೆಟ್‌ಫೈರ್ ಎಂದು ಹೆಸರಿಟ್ಟು ಮಾರಿತು. ಮೊದಮೊದಲ ಜೆಟ್‌ಫೈರ್‌ಗಳ ರೆಕ್ಕೆಯ ಮೇಲೆ ಮ್ಯಾಕ್ರಾಸಿನ ಮುದ್ರೆ ಇನ್ನೂ ಹಾಗೆಯೇ ಉಳಿದಿತ್ತು. (ಇದು ಮಾತ್ರ ನಿಜವಾಗಿಯೂ ಹಾಗೆಯೇ ಬಂದದ್ದು.) ಎಲ್ಲರಿಗೂ ಗೊತ್ತಿರುವ, ಅದೇ ಸಾಲಿನ ಖಳ ಸ್ಟಾರ್‌ಸ್ಕ್ರೀಮ್‌ನ ವಂಶ ಬೇರೆ. ಅದು ತಕಾರಾ ಕಂಪನಿಯ ಡಯಾಕ್ಲೋನ್ ಸಾಲಿನ ಎಫ್-15. ಒಳ್ಳೆಯ ಖಳ, ಸಾಧಾರಣ ಆಟಿಕೆ ಎನ್ನುವುದು ನನ್ನ ಅಭಿಪ್ರಾಯ: ರೆಕ್ಕೆಯನ್ನೂ ಮುಷ್ಟಿಯನ್ನೂ ಬಿಚ್ಚಿ ಬಿಚ್ಚಿ ಸಿಕ್ಕಿಸಬೇಕು, ಒಂದು ಮುಷ್ಟಿ ಸೋಫಾ ಕೆಳಗೆ ಹೋದರೆ ಜನ್ಮಪೂರ್ತಿ ಮೊಂಡುಗೈ.

ವಾಲ್ಕಿರಿಯಲ್ಲಿ ಏನನ್ನೂ ಬಿಚ್ಚಬೇಕಾಗಿಲ್ಲ. ವಿಮಾನದ ಎರಡು ಎಂಜಿನ್‌ಗಳೇ ಕಾಲುಗಳು. ಬೆಂಕಿ ಉಗುಳುವ ಹಿಂಬಾಯಿಯೇ ಪಾದ. ಕೈಗಳು ಆ ಎರಡು ಕಾಲುಗಳ ನಡುವೆ ಹೊಟ್ಟೆಯಡಿ ಮಲಗಿರುತ್ತವೆ. ಕಾಲನ್ನು ಮಾತ್ರ ಕೆಳಗಿಳಿಸಿ, ಕೈ ಹೊರಗೆ ಚಾಚಿಸಿ ನಿಲ್ಲಿಸಿದರೆ ನಡುವಿನ ಸ್ಥಿತಿ, ಗರ್‌ವಾಕ್: ದೇವಸ್ಥಾನದ ಗರುಡನ ಹಾಗೆ, ರೆಕ್ಕೆಯೂ ಇದೆ, ಮಂಡಿಯೂ ಇದೆ. ಈ ಗರುಡನನ್ನು ನಿಲ್ಲಿಸಿ ನೋಡದೆ ನಾನು ಯಾವ ವಾಲ್ಕಿರಿಗೂ ದುಡ್ಡು ಕೊಡುವುದಿಲ್ಲ. ವಿಮಾನವಾಗಿದ್ದಾಗ ಎಲ್ಲವೂ ಒಂದಕ್ಕೊಂದು ಆತುಕೊಂಡು ಸಡಿಲ ಕೀಲುಗಳು ಮುಚ್ಚಿಹೋಗುತ್ತವೆ. ಪೂರ್ತಿ ರೋಬೋ ಆದಾಗಲೂ ಕಾಲು ನೆಟ್ಟಗಿದ್ದರೆ ಹೇಗೋ ನಿಂತುಬಿಡುತ್ತದೆ. ಮಂಡಿ ಮಡಿಸಿದಾಗ ಮಾತ್ರ ಇಡೀ ಭಾರ ಕೀಲಿನ ಮೇಲೆ ಬಂದು ಬಣ್ಣ ಬಯಲಾಗುತ್ತದೆ. ಆ ಹುಡುಗಿ ನೇರವಾಗಿ ಮೊಣಕಾಲಿಗೇ ಕೈಹಾಕಿದ್ದು ಅದಕ್ಕೆ.

ಆಮೇಲೆ ತಲೆ. ಅದರ ಮೇಲಿನ ಲೇಸರ್ ಕಡ್ಡಿಗಳನ್ನು ಎಣಿಸಬೇಕು: ಎ ಮಾದರಿಗೆ ಒಂದು, ಜೆ ಮಾದರಿಗೆ ಎರಡು, ಎಸ್ ಮಾದರಿಗೆ ನಾಲ್ಕು. ಒಂದು ಕಡ್ಡಿ ಮುರಿದ ಜೆ ಮಾದರಿಯನ್ನು ಎ ಎಂದು ದಾಟಿಸಲು ನೋಡಿದವರೂ ನನಗೆ ಸಿಕ್ಕಿದ್ದಾರೆ. ಯಾವ ಊರಿನಲ್ಲಿ ಎಂದು ಹೇಳಬೇಕೇ? ರೆಕ್ಕೆ ಎರಡೂ ಒಂದೇ ಬಿಗಿಯಲ್ಲಿ ಸರಿಯಬೇಕು. ಚಕ್ರ ಮೂರೂ ಹೊರಬಂದು ನೆಲದ ಮೇಲೆ ಓಲದೆ ನಿಲ್ಲಬೇಕು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದೇ ಲೆಕ್ಕ. ಕೊನೆಗೆ ಬಣ್ಣ. ಬಿಳಿಯ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೂ ಶಾಖಕ್ಕೂ ಹಳದಿಗಟ್ಟುತ್ತದೆ, ಪೆಟ್ಟಿಗೆಯೊಳಗಿದ್ದರೂ ಒಮ್ಮೊಮ್ಮೆ ತಪ್ಪುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವವರಿದ್ದಾರೆ. ನನಗೆ ಅದು ಕೂದಲಿಗೆ ಕರಿಬಣ್ಣ ಹಚ್ಚಿಕೊಂಡಂತೆ ಕಾಣುತ್ತದೆ, ಬೇಡ.

ಮುಟ್ಟದೆ ಇಟ್ಟದ್ದೇ ಚೆನ್ನ ಎನ್ನುವವರನ್ನೂ ನಾನು ನಂಬುವುದಿಲ್ಲ. ಕೆಲವು ಹಳೆಯ ರೋಬೋಗಳಲ್ಲಿ ಚಿನ್ನದ ಮಿನುಗು ಬೆರೆಸಿದ ಪ್ಲಾಸ್ಟಿಕ್ ಇರುತ್ತದೆ. ಅದು ಒಮ್ಮೆಯೂ ತೆರೆಯದ ಪೆಟ್ಟಿಗೆಯಲ್ಲಿ ಕುಳಿತಲ್ಲಿಯೇ ಪೆಡಸಾಗಿ, ಮೊದಲ ಸಲ ಕೈಯೆತ್ತಿಸಿದ ದಿನ ರಸ್ಕಿನಂತೆ ಪುಡಿಯಾಗುತ್ತದೆ. ಅಮೆರಿಕದಲ್ಲಿ ಆಟಿಕೆಗೆ ಅಂಕ ಕೊಟ್ಟು ಅಕ್ರಿಲಿಕ್ ಡಬ್ಬಿಯಲ್ಲಿ ಮುಚ್ಚಿ ಮೊಹರು ಹಾಕುವ ವ್ಯವಸ್ಥೆಯೇ ಇದೆ. ಮಂಡಿ ಗಟ್ಟಿಯೋ ಸಡಿಲವೋ ಡಬ್ಬಿಯ ಹೊರಗೆ ನಿಂತವನಿಗೆ ಏನು ತಿಳಿಯುತ್ತದೆ?

ಇಲ್ಲಿ ಜಪಾನಿನವರು ಅಂಕಕ್ಕಿಂತ ಮಾತನ್ನು ನಂಬುತ್ತಾರೆ, ಮತ್ತು ಅದಕ್ಕೆ ಅವರ ಬಳಿ ಮಾತುಗಳ ಕಣಜವೇ ಇದೆ. ಕೀಲು ಸೋತಿದ್ದರೆ 'ಹೆತಾರಿ'. ಒಂದು ತುಂಡು ಕಳೆದಿದ್ದರೆ 'ಕೆಪ್ಪಿನ್'. ಏನೋ ಒಂದು ದೋಷವಿದೆ ಎನ್ನಲು 'ನಾನ್ ಆರಿ'. ಬಣ್ಣ ಹಳದಿಗಟ್ಟಿದ್ದರೆ 'ಯಕೆ'. ಮೊದಲ ವರ್ಷ ಚೀಟಿಗಳಲ್ಲಿ 'ಯಕೆ ಆರಿ, ಯಕೆ ಆರಿ' ಎಂದು ಓದುವಾಗಲೆಲ್ಲ ನನಗೆ 'ಯಾಕೆ?' ಎಂದೇ ಕೇಳಿಸುತ್ತಿತ್ತು. ಯಾಕೆ ಅಂದರೆ ಬಿಸಿಲಿಗಿಟ್ಟಿದ್ದರು, ಅದಕ್ಕೆ. ನಮ್ಮಲ್ಲಿ ಇಷ್ಟಕ್ಕೂ ಸೇರಿ ಇರುವುದು ಎರಡೇ ಮಾತು: 'ಸೂಪರ್ ಕಂಡೀಷನ್' ಮತ್ತು, ಸಿಕ್ಕಿಬಿದ್ದ ಮೇಲೆ, 'ಅಡ್ಜಸ್ಟ್ ಮಾಡಿಕೊಳ್ಳಿ'.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಹೇಳಿದೆ. ಅವಳು ಪೂರ್ತಿ ಕೇಳಿ, "ಮಿಕ್ಸಿ ವಿಷಯ ಮರೆತಿರಾ?" ಎಂದಳು.

ಮರೆತಿರಲಿಲ್ಲ, ನೆನಪಿಸಿಕೊಳ್ಳಬಾರದು ಎಂದುಕೊಂಡಿದ್ದೆ. ಈ ಕಟ್ಟಡಕ್ಕೆ ಬಂದ ಹೊಸದರಲ್ಲಿ ನಾವು ರಾತ್ರಿ ಹತ್ತರ ಮೇಲೆ ದೋಸೆಹಿಟ್ಟು ರುಬ್ಬುತ್ತಿದ್ದೆವು. ಕೆಳಗಿನ ಮನೆಯವರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನಡು ಬಗ್ಗಿಸಿ ನಮಸ್ಕರಿಸುತ್ತಿದ್ದರು, ನಮ್ಮ ಮಗಳಿಗೆ ಚಾಕೊಲೇಟ್ ಕೊಡುತ್ತಿದ್ದರು. ಹದಿನಾಲ್ಕು ತಿಂಗಳ ಮೇಲೆ ಕೆಳಗಿನ ಫಲಕದಲ್ಲಿ ಒಂದು ನೋಟೀಸು ಬಂತು: ನಿವಾಸಿಗಳೆಲ್ಲರೂ ರಾತ್ರಿ ಯಂತ್ರಗಳ ಸದ್ದಿನ ಬಗ್ಗೆ ಗಮನವಿಡಬೇಕಾಗಿ ಕೋರಿಕೆ. ಎಲ್ಲರೂ ಅಂತೆ! ಆ ಕಟ್ಟಡದಲ್ಲಿ ಹಿಟ್ಟು ರುಬ್ಬುವ ಮನೆ ನಮ್ಮದೊಂದೇ. ಆಟಿಕೆಯ ಮೊಣಕಾಲಿನ ದೋಷವನ್ನು ಬರೆದು ಅಂಟಿಸುವ ಜನ ನನ್ನ ದೋಷವನ್ನು ಹದಿನಾಲ್ಕು ತಿಂಗಳು ಬಾಯಿಬಿಟ್ಟು ಹೇಳಲಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಕೆಳಗಿನ ಮನೆಯ ಆಂಟಿ ಮೊದಲ ರಾತ್ರಿಯೇ ಬಾಗಿಲು ಬಡಿದು, "ಏನಮ್ಮಾ ಇದು, ಹೊತ್ತುಗೊತ್ತು ಇಲ್ಲವೇ?" ಎಂದು ಕೇಳಿ, ಮರುದಿನ ಅದೇ ಹಿಟ್ಟಿನ ದೋಸೆ ತಿಂದು, ಉಪ್ಪು ಕಡಿಮೆ ಎಂದೂ ಹೇಳಿ ಹೋಗುತ್ತಿದ್ದರು. ಮನುಷ್ಯರ ವಿಷಯಕ್ಕೆ ಬಂದರೆ ನಮ್ಮವರ ಚೀಟಿಯೇ ಉದ್ದ ಎಂದು ಒಪ್ಪಬೇಕು. ನನ್ನ ಹೊಟ್ಟೆ, ನನ್ನ ತಲೆಗೂದಲು, ಈ ವಯಸ್ಸಿನಲ್ಲಿ ನನ್ನ ಆಟಿಕೆಗಳು, ಎಲ್ಲವೂ ಏಪ್ರಿಲ್‌ನ ಮೂರು ವಾರಗಳಲ್ಲಿ ನಮೂದಾಗಿದ್ದವು.

ಇನ್ನೂ ಒಂದು ಒಪ್ಪಬೇಕು, ಅದು ಅಪ್ಪನದು. ಅಪ್ಪ ಎಚ್‌ಎಎಲ್‌ನಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಕಿರಣ್, ಜಾಗ್ವಾರ್ ವಿಮಾನಗಳ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು, ಗೀರು ಕಂಡರೆ ಬರೆದು ಪಕ್ಕಕ್ಕಿಡುವುದು ಅವರ ಮೂವತ್ತು ವರ್ಷಗಳ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸ್ಕೂಟರ್ ಮಾರಿದರು. ನೋಡಲು ಬಂದವರಿಗೆ ಕ್ಲಚ್ ವೈರಿನಿಂದ ಹಿಡಿದು, ಮಳೆಗಾಲದಲ್ಲಿ ಎಷ್ಟು ಸಲ ಒದೆಯಬೇಕು ಎನ್ನುವವರೆಗೆ ಎಲ್ಲವನ್ನೂ ತಾವೇ ಹೇಳಿದರು. ಬಂದವರು ಒಬ್ಬೊಬ್ಬರಾಗಿ ಹೊರಟುಹೋದರು: ಇಷ್ಟು ಹೇಳುವವನು ಇನ್ನೆಷ್ಟು ಮುಚ್ಚಿಟ್ಟಿರಬೇಕು ಎಂಬ ಗುಮಾನಿ. ಕೊನೆಗೆ ಅರ್ಧ ಬೆಲೆಗೆ ಹೋಯಿತು. ಅಮ್ಮ ಆ ರಾತ್ರಿ ಅಪ್ಪನ ಜೊತೆ ಮಾತಾಡಲಿಲ್ಲ. ನಾನೂ ಅಮ್ಮನ ಪಕ್ಷವೇ.

ಈಗ ಅಪ್ಪ ಇಲ್ಲಿಗೆ ಬಂದಿದ್ದಾರೆ, ಎರಡು ತಿಂಗಳಿಗೆ. ಮೊನ್ನೆ ಭಾನುವಾರ ವಾಲ್ಕಿರಿಯನ್ನು ಅವರ ಮುಂದಿಟ್ಟು, ಚೀಟಿಯ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿ, ನೋಡಿ ಜಪಾನಿನವರ ಪ್ರಾಮಾಣಿಕತೆ ಎಂದು ಬೀಗಿದೆ. ಅಪ್ಪ ಏನೂ ಅನ್ನಲಿಲ್ಲ. ಓದುವ ಕನ್ನಡಕ ತರಿಸಿಕೊಂಡು ಕಿಟಕಿಯ ಹತ್ತಿರ ಕುಳಿತರು. ಮೊಣಕಾಲು ಮಡಿಸಿ ನೋಡಿದರು, ತಲೆಯಾಡಿಸಿದರು. ರೆಕ್ಕೆ ಸರಿಸಿದರು. ಚಕ್ರ ಹೊರತೆಗೆದು ಉಗುರಿನಿಂದ ತಿರುಗಿಸಿದರು. ಬಲಗೈಯನ್ನು ಮೇಲೆತ್ತಿ ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡರು.

"ಇದನ್ನು ಬರೆದಿಲ್ಲವಲ್ಲ" ಎಂದರು.

ಭುಜದ ಕೀಲಿನ ಒಳಬದಿಯಲ್ಲಿ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವ ಕೂದಲೆಳೆಯಷ್ಟು ಬಿರುಕು. ಆ ಹುಡುಗಿಗೂ ಕಂಡಿರಲಿಲ್ಲ, ಹತ್ತು ಸಲ ತಿರುಗಿಸಿ ನೋಡಿದ ನನಗೂ ಕಂಡಿರಲಿಲ್ಲ. ಅದು ಹಾಗೆಯೇ ಬರುವುದೇನೋ ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು. ಅಪ್ಪ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಮೊಮ್ಮಗಳ ಪೆನ್ಸಿಲ್ ಕೇಳಿ ತೆಗೆದುಕೊಂಡು, ಚೀಟಿಯಲ್ಲಿ ಜಪಾನಿ ಅಕ್ಷರಗಳ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದರು: ಬಲ ಭುಜದ ಕೀಲು, ಒಳಬದಿ, ಬಿರುಕು. ಕೆಳಗೆ ತಾರೀಖು ಹಾಕಿ ಸಹಿ ಮಾಡಿದರು.