ನಾಯಿಯ ಪಾಲು ಒಗ್ಗರಣೆಗೆ ಮುಂಚೆ

ನಾನಿರುವ ಇಲ್ಲಿ, ಅಮೆರಿಕದಲ್ಲಿ, ನಾಯಿಗೆಂದೇ ಸೊಪ್ಪಿನ ಪುಡಿ ಡಬ್ಬಿಯಲ್ಲಿ ಸಿಗುತ್ತದೆ. ಸ್ಮೂದಿಗೆ ತಂದು ಉಳಿದ ಹಸಿ ಕೇಲ್ (ಕೋಸಿನ ಜಾತಿಯ ಸೊಪ್ಪು) ಎಲೆಯನ್ನು ಹರಿದು ನಾಯಿಯ ಬಟ್ಟಲಿಗೆ ಹಾಕುವವರೂ ಇದ್ದಾರೆ. ನಮ್ಮ ಮಂಡ್ಯ, ಹಾಸನ, ತುಮಕೂರಿನ ಕಡೆ ನಾಯಿಗೆ ಸೊಪ್ಪು ಸಿಗುವುದು ಮುದ್ದೆಯ ಮೇಲೆ ಹುಯ್ದ ಸಾರಿನಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಸೊಪ್ಪನ್ನು ಬೇಯಿಸುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಗೊತ್ತು, ಅದಕ್ಕೆ ಏನು ಬೆರೆಯಬಾರದು ಎಂಬ ಎಚ್ಚರ ಇಲ್ಲಿಯವರಿಗೆ ಹೆಚ್ಚು ಎನಿಸುತ್ತದೆ. ನಾಯಿಗೆ ಎರಡೂ ಬೇಕು.

ಮೊದಲು ಹಸಿ ಸೊಪ್ಪಿನ ಮಾತು. ನಾಯಿಯ ಹಲ್ಲು ಕತ್ತರಿಸುವುದಕ್ಕೆ ಇರುವಂಥದ್ದು, ಅರೆಯುವುದಕ್ಕಲ್ಲ. ಎಲೆಯ ಜೀವಕೋಶದ ಗೋಡೆಯನ್ನು ಒಡೆಯುವ ಶಕ್ತಿ ಅದರ ಚಿಕ್ಕ ಕರುಳಿಗೂ ಇಲ್ಲ. ಹಾಗಾಗಿ ಹರಿದು ಹಾಕಿದ ಕೇಲ್ ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೆ ಎಲೆಯಾಗಿಯೇ ಬಿದ್ದಿರುತ್ತದೆ. ಮಲದಲ್ಲಿ ಹಸಿರು ಚೂರು ಗುರುತು ಸಿಗುವಂತೆ ಕಂಡರೆ ಸೊಪ್ಪಿನ ಸತ್ವ ನಾಯಿಗೆ ಸಿಕ್ಕಿಲ್ಲ ಎಂದೇ ಅರ್ಥ. ಬೇಯಿಸಿ, ನುಣ್ಣಗೆ ಹೆಚ್ಚಿ ಅಥವಾ ರುಬ್ಬಿ ಕೊಟ್ಟರೆ ಮಾತ್ರ ಉಪಯೋಗ.

ಬೇಯಿಸುವ ರೀತಿಯಲ್ಲೂ ವ್ಯತ್ಯಾಸವಿದೆ, ಬಸ್ಸಾರು ಗೆಲ್ಲುವುದು ಇಲ್ಲಿಯೇ. ಪಾಲಕ್, ದಂಟು, ಹರಿವೆ, ಬಸಳೆ, ದೊಡ್ಡಗೋಣಿ ಸೊಪ್ಪು ಇವುಗಳಲ್ಲೆಲ್ಲ ಆಕ್ಸಲೇಟ್ ಎಂಬ ಲವಣ ಹೆಚ್ಚು. ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿದರೆ ಕಲ್ಲು. ತುಂಬಾ ನೀರಿನಲ್ಲಿ ಬೇಯಿಸಿ ಬಸಿದರೆ, ಸೊಪ್ಪಿನ ಜಾತಿಯನ್ನು ಅವಲಂಬಿಸಿ, ನೀರಿನಲ್ಲಿ ಕರಗುವ ಆಕ್ಸಲೇಟ್ 30ರಿಂದ 87% ವರೆಗೆ ಇಳಿಯುತ್ತದೆ. ಇಲ್ಲಿಯವರು ಇಷ್ಟಪಡುವ ಹಬೆಯ ಬೇಯಿಸುವಿಕೆಯಲ್ಲಿ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಹೊರಗೆ ಹೋಗಲು ನೀರೇ ಇಲ್ಲ. ನಮ್ಮ ಮಸ್ಸೊಪ್ಪಿನದೂ ಅದೇ ತೊಂದರೆ: ಬೆಂದ ನೀರು ಸೊಪ್ಪಿನ ಜೊತೆಯೇ ಮಸೆದುಹೋಗುತ್ತದೆ.

ನಾಯಿಗೆ ಮಾಡುವ ಕ್ರಮ ಹೀಗಿರಲಿ. 100 ಗ್ರಾಂ ಸೊಪ್ಪಿಗೆ 1 ಲೀಟರ್ ನೀರು. ಸೊಪ್ಪನ್ನು ಮೂರು ನೀರಿನಲ್ಲಿ ಜಾಲಿಸಿ, ಬಲಿತ ದಂಟು ತೆಗೆದು, ನೀರು ಮರಳುವಾಗ ಹಾಕಿ 5–6 ನಿಮಿಷ ಬೇಯಿಸಿ. ಉಪ್ಪು ಬೇಡ. ಮನೆಯವರಿಗೂ ಅದೇ ಪಾತ್ರೆಯಲ್ಲಿ ಬೇಯುತ್ತಿದ್ದರೆ ಉಪ್ಪು ಬೀಳುವ ಮುಂಚೆಯೇ ನಾಯಿಯ ಪಾಲನ್ನು ಜಾಲರಿ ಸೌಟಿನಲ್ಲಿ ಎತ್ತಿಡಿ. ಆರಿದ ಮೇಲೆ ಮುಷ್ಟಿಯಲ್ಲಿ ಹಿಂಡಬೇಕು. ಬೆರಳ ಸಂದಿಯಿಂದ ಮೊದಲು ಕಡುಹಸಿರು ನೀರು ಸುರಿದು, ಆಮೇಲೆ ಹನಿ ನಿಲ್ಲುತ್ತದೆ, ಒಂದು ಕಟ್ಟು ಪಾಲಕ್ ನಿಂಬೆಗಾತ್ರದ ಉಂಡೆಯಾಗುತ್ತದೆ. ಆ ನೀರನ್ನು ಮಾತ್ರ ನಾಯಿಯ ಅನ್ನಕ್ಕೆ ಹುಯ್ಯಬೇಡಿ. ಬಸಿದ ಕಟ್ಟು ನಮಗೆ ಸಾರಿನ ಜೀವಾಳ, ನಾಯಿಗೆ ಮಾತ್ರ ನಾವು ತೆಗೆಯಲು ಹೊರಟದ್ದೆಲ್ಲ ಅದರಲ್ಲೇ ಇದೆ. ಉಂಡೆಯನ್ನು ಮಿಕ್ಸಿಯಲ್ಲಿ ರುಬ್ಬಿ, ಐಸ್ ಟ್ರೇಯ ಗುಳಿಗೊಂದು ಟೇಬಲ್ ಚಮಚದಂತೆ ತುಂಬಿ ಫ್ರೀಜರಿನಲ್ಲಿಟ್ಟರೆ ಎರಡು ವಾರದ ಕೆಲಸ ಒಂದೇ ದಿನ ಮುಗಿಯಿತು. ಕೊಡುವಾಗ ಒಂದು ಚಮಚ ಸಪ್ಪೆ ಮೊಸರು ಸೇರಿಸಿದರೆ, ಉಳಿದ ಆಕ್ಸಲೇಟನ್ನು ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸೊಪ್ಪಿನ ಜೊತೆ ಮೊಸರನ್ನ ಕಲಸುವ ನಮ್ಮ ರೂಢಿ ಬಹಳ ಒಳ್ಳೆಯದು.

ಇನ್ನು ಒಗ್ಗರಣೆ. ಬಸ್ಸಾರಿಗೆ ರುಬ್ಬುವ ಖಾರದಲ್ಲಿ, ಉಪ್ಸಾರಿನ ಖಾರದಲ್ಲಿ, ಪಲ್ಯದಲ್ಲಿ ಈರುಳ್ಳಿಯೋ ಬೆಳ್ಳುಳ್ಳಿಯೋ ಇದ್ದೇ ಇರುತ್ತದೆ. ಇವುಗಳ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಒಂದೇ ಸಲಕ್ಕೆ ದೇಹತೂಕದ 0.5% ಮೀರಿದಷ್ಟು ಈರುಳ್ಳಿ ತಿಂದ ನಾಯಿಯ ರಕ್ತದಲ್ಲಿ ಏರುಪೇರು ಕಾಣಿಸುತ್ತದೆ. 10 ಕೆಜಿ ನಾಯಿಗೆ ಅದು 50 ಗ್ರಾಂ, ಅಂದರೆ ಒಂದು ಸಣ್ಣ ಈರುಳ್ಳಿ. ಬೆಳ್ಳುಳ್ಳಿ ಅದಕ್ಕಿಂತ ತೀಕ್ಷ್ಣ. ಈರುಳ್ಳಿ ಸೊಪ್ಪು ಹೆಸರಿಗೆ ಸೊಪ್ಪಾದರೂ ಈರುಳ್ಳಿಯೇ. ಇಲ್ಲಿಯ ಲೀಕ್ಸ್, ಚೈವ್ಸ್ ಕೂಡ ಅದೇ ಕುಲ.

“ನಮ್ಮ ನಾಯಿ ಹತ್ತು ವರ್ಷದಿಂದ ಸಾರನ್ನ ತಿಂದೇ ಗಟ್ಟಿಯಾಗಿದೆ” ಎನ್ನುವವರು ಊರಲ್ಲಿ ಬಹಳ. ದಿನಕ್ಕಿಷ್ಟು ನಾಶವಾದ ರಕ್ತಕಣವನ್ನು ಅಸ್ಥಿಮಜ್ಜೆ ಹೇಗೋ ತುಂಬಿಕೊಡುತ್ತಿರಬಹುದು. ಆದರೆ ನಾಯಿ ಸುಸ್ತಾಗಿ ಮಲಗಿದಾಗ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ತುಟಿ ಎತ್ತಿ ಒಸಡು ನೋಡಿ: ಬಿಳಿಚಿದ್ದರೆ, ಮೂತ್ರ ಕಂದುಗೆಂಪಾಗಿದ್ದರೆ ಆ ದಿನವೇ ಪಶುವೈದ್ಯರ ಬಳಿ ಹೋಗಬೇಕು. ತಿಂದ ದಿನ ಏನೂ ಕಾಣದೆ, ಕೆಲವು ದಿನ ಕಳೆದ ಮೇಲೆ ಲಕ್ಷಣ ಶುರುವಾಗುವುದರಿಂದ ಈರುಳ್ಳಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಉಪ್ಪೇ ನಾಯಿಗೆ ವಿಷವಾಗುತ್ತದೆ.

ಎಚ್ಚರ ಹೆಚ್ಚೆಂದ ಮಾತ್ರಕ್ಕೆ ಇಲ್ಲಿಯ ಡಬ್ಬಿಗಳನ್ನು ಕಣ್ಣುಮುಚ್ಚಿ ನಂಬಬಾರದು. ಚಿಗಟ ಓಡಿಸುತ್ತದೆಂದು ಬೆಳ್ಳುಳ್ಳಿ ಪುಡಿ ಬೆರೆಸಿದ ಮಿಶ್ರಣಗಳು ಈಗಲೂ ಮಾರಾಟವಾಗುತ್ತವೆ. ಅದರಿಂದ ಚಿಗಟ ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಸೊಪ್ಪಿನ ಬಗೆಗಿನ ಇಲ್ಲಿಯ ಉತ್ಸಾಹಕ್ಕೆ ಬಲ ಕೊಟ್ಟದ್ದರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಂದು. ವಾರಕ್ಕೆ ಮೂರು ಸಲವಾದರೂ ತರಕಾರಿ ತಿಂದ ಸ್ಕಾಟಿಷ್ ಟೆರಿಯರ್ ನಾಯಿಗಳಲ್ಲಿ ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರ್ ಕಡಿಮೆ ಕಂಡಿತ್ತು, ಹಸಿರು ಸೊಪ್ಪಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ. ಆಶಾದಾಯಕವೇ. ಆದರೆ ಅದು ಒಂದೇ ತಳಿಯ ಮೇಲೆ, ಮಾಲೀಕರ ಉತ್ತರಗಳನ್ನು ಆಧರಿಸಿ ನಡೆದದ್ದು, ಎಲ್ಲ ನಾಯಿಗೂ ಔಷಧಿ ಎಂದು ಹೇಳಿದ್ದಲ್ಲ.

ಅಳತೆಯ ವಿಷಯಕ್ಕೆ ಬಂದರೆ, ತಿಂಡಿತೀರ್ಥ ದಿನದ ಕ್ಯಾಲೊರಿಯ 10% ಮೀರಬಾರದು ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಸೊಪ್ಪಿಗೆ ಅದು ಹೊಂದುವುದಿಲ್ಲ. 10 ಕೆಜಿ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು, ಅದರ 10% ಎಂದರೆ 63. 100 ಗ್ರಾಂ ಪಾಲಕ್‌ನಲ್ಲಿ 23 ಕ್ಯಾಲೊರಿ. ಲೆಕ್ಕದ ಪ್ರಕಾರ ಕಾಲು ಕೆಜಿಗೂ ಹೆಚ್ಚು ಪಾಲಕ್ ಕೊಡಬಹುದು ಎಂದಾಯಿತು! ಕೊಟ್ಟರೆ ಭೇದಿ ಖಂಡಿತ. ಚಮಚದ ಲೆಕ್ಕವೇ ವಾಸಿ: ಹಿಂಡಿ ರುಬ್ಬಿದ ಸೊಪ್ಪು 5 ಕೆಜಿ ನಾಯಿಗೆ ಒಂದು ಟೀ ಚಮಚ, 10 ಕೆಜಿಗೆ ಒಂದು ಟೇಬಲ್ ಚಮಚ, ಲ್ಯಾಬ್ರಡಾರ್‌ನಂಥದ್ದಕ್ಕೆ ಎರಡು, ವಾರಕ್ಕೆ ಎರಡು ಮೂರು ಸಲ. ಹೊಸ ಸೊಪ್ಪನ್ನು ಇದರ ಅರ್ಧದಿಂದ ಶುರುಮಾಡಿ, ಮೂರು ದಿನ ಮಲ ನೋಡಿ. ಎರಡು ಹೊಸ ಸೊಪ್ಪನ್ನು ಒಟ್ಟಿಗೆ ಕೊಟ್ಟರೆ ಯಾವುದು ಒಗ್ಗಲಿಲ್ಲವೆಂದು ತಿಳಿಯುವುದಿಲ್ಲ.

ಕೇಲ್‌ನಲ್ಲಿ ಆಕ್ಸಲೇಟ್ ಕಡಿಮೆ, ಬೇಯಿಸಿ ಕೊಟ್ಟರೆ ನಿಜಕ್ಕೂ ಒಳ್ಳೆಯ ಸೊಪ್ಪು. ಕೋಸು ಹೊಟ್ಟೆ ಉಬ್ಬರಿಸುತ್ತದೆ, ಕಡಿಮೆ ಸಾಕು. ಕೊತ್ತಂಬರಿ ನಾಲ್ಕು ಎಲೆ ನಿರಾತಂಕ. ಕೆಸುವಿನ ಎಲೆ ಹಸಿಯಾಗಿ ಬಾಯಿಗೆ ಸಿಕ್ಕರೆ ಸೂಜಿಯಂಥ ಹರಳು ಚುಚ್ಚಿ ಜೊಲ್ಲು ಸುರಿಯುತ್ತದೆ, ಪತ್ರೊಡೆಗೆ ತಂದ ಎಲೆಯನ್ನು ಮೇಲೆತ್ತಿಡಿ. ಗಣಿಕೆ ಸೊಪ್ಪು ಬೇಡ. ನಮ್ಮವರಿಗೆ ಅಚ್ಚರಿಯಾಗುವಂಥದ್ದು ದೊಡ್ಡಪತ್ರೆ. ಮಕ್ಕಳ ಕೆಮ್ಮಿಗೆ ಬಾಡಿಸಿ ರಸ ಹಿಂಡುವ ಈ ಎಲೆಯನ್ನು ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ನಾಯಿಗೆ ವಿಷಕಾರಿ ಗಿಡಗಳ ಪಟ್ಟಿಗೆ ಸೇರಿಸಿದೆ. ಅದರ ಎಣ್ಣೆಯ ಅಂಶದಿಂದ ವಾಂತಿ ಭೇದಿ, ಕೆಲವೊಮ್ಮೆ ರಕ್ತಭೇದಿಯೂ ಆಗಬಹುದು. ಬಾಲ್ಕನಿಯ ಕುಂಡದಲ್ಲಿದ್ದರೆ ನಾಯಿಗೆ ಎಟುಕದ ಹಾಗಿಡಿ.

ಷಿಟ್ಜು, ಲ್ಹಾಸಾ ಅಪ್ಸೊ, ಪಾಮೇರಿಯನ್, ಮಿನಿಯೇಚರ್ ಷ್ನಾಜರ್ ಸಾಕಿದವರು (ನಮ್ಮಲ್ಲಿ ಪಾಮೇರಿಯನ್ ಎನ್ನುವ ಎಷ್ಟೋ ನಾಯಿಗಳು ಇಂಡಿಯನ್ ಸ್ಪಿಟ್ಜ್, ಆ ಮಾತು ಬೇರೆ) ಪಾಲಕ್, ದಂಟು, ಬಸಳೆಗಳನ್ನು ಪೂರ್ತಿ ಬಿಡುವುದು ಒಳ್ಳೆಯದು. ಈ ತಳಿಗಳಲ್ಲಿ ಆಕ್ಸಲೇಟ್ ಕಲ್ಲು ಹೆಚ್ಚು. ಒಮ್ಮೆ ಕಟ್ಟಿದರೆ ಆಹಾರ ಬದಲಿಸಿ ಕರಗಿಸಲು ಆಗುವುದಿಲ್ಲ, ತೆಗೆಸಬೇಕು. ಮೂತ್ರಪಿಂಡದ ಕಾಯಿಲೆ ಇರುವ ನಾಯಿಗೂ ಇದೇ ಪಥ್ಯ. ಗಂಡುನಾಯಿ ಮತ್ತೆ ಮತ್ತೆ ಕಾಲೆತ್ತಿದರೂ ಹನಿ ಬೀಳುತ್ತಿಲ್ಲವೆಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.