ಸಸ್ಪೆನ್ಷನ್ ಬುಷ್ ಬಗ್ಗೆ ನಾನು ಬರೆದಿದ್ದ ಮೆಸೇಜ್ ತಪ್ಪು

ಹಳೆಯ ಕಾರಿನ ಸಸ್ಪೆನ್ಷನ್ ಬುಷ್ (ಚಕ್ರದ ಜೋಡಣೆಯ ಕೀಲುಗಳಲ್ಲಿ ಅದುರು ತಡೆಯುವ, ಸಾಮಾನ್ಯವಾಗಿ ರಬ್ಬರಿನ ಬಿಡಿಭಾಗ) ಮನೆಯಲ್ಲೇ ಬದಲಿಸುವ ಬಗ್ಗೆ ನಾನು ಬರೆದ ಮೆಸೇಜ್ ಪುಣೆಯ ನಮ್ಮ ಕನ್ನಡ ಗುಂಪುಗಳಲ್ಲಿ ಓಡಾಡುತ್ತಿದೆ. ಅದರಲ್ಲಿ ಎರಡು ತಪ್ಪುಗಳಿವೆ.

‘ಕಾರು ಜ್ಯಾಕ್ ಮೇಲಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿ’ ಎಂದಿದ್ದೆ. ಹಾಗೆ ಮಾಡಬೇಡಿ. ಸರ್ವೀಸ್ ಮ್ಯಾನುಯಲ್ ಮತ್ತೆ ತೆಗೆದು ನೋಡಿದೆ, ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಲೋವರ್ ಆರ್ಮಿನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳು) ರಬ್ಬರ್ ಬುಷ್ ಬೇರಿಂಗ್‌ನಂತೆ ತಿರುಗುವುದಿಲ್ಲ. ಒಳಗಿನ ಲೋಹದ ಕೊಳವೆಯನ್ನು ಬೋಲ್ಟ್ ಹಿಡಿದು ನಿಲ್ಲಿಸುತ್ತದೆ. ಹೊರಭಾಗ ಆರ್ಮ್ ಜೊತೆ ಆಡುತ್ತದೆ. ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಸುಮ್ನೆ ನಿಂತಿದ್ದಾಗಲೂ. ಅದರ ಮೇಲೆ ನಮ್ಮ ಮಳೆಗಾಲದ ಗುಂಡಿಗಳು ಬೇರೆ. ಹೊಸ ಬುಷ್ ಬೇಗ ಹರಿದುಹೋಗುತ್ತದೆ.

ಮೊದಲು ಬೋಲ್ಟ್ ಸಡಿಲವಾಗಿ ಕೂರಿಸಿ. ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರ ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆ) ಬಿಗಿಯಿರಿ. ಕೈ ಹೋಗಲು ಜಾಗವಿಲ್ಲದಿದ್ದರೆ ಚಕ್ರ ಹತ್ತಿಸಿ ನಿಲ್ಲಿಸಲು ಗಟ್ಟಿ ರ‍್ಯಾಂಪ್ ಬೇಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ದಯವಿಟ್ಟು.

ಇನ್ನೊಂದು ತಪ್ಪು, ಬುಷ್‌ಗೆ ಎಂಜಿನ್ ಆಯಿಲ್ ಸವರುವುದು. ಆ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒತ್ತಿ ಕೂರಿಸಲು ಸಾಬೂನು ನೀರು ಸಾಕು. ಪಾಲಿಯುರೆಥೇನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬುಷ್ ಮಾತ್ರ ಬೇರೆ ಜಾತಿ, ಅದಕ್ಕೆ ತಯಾರಕರು ಹೇಳಿದ ಗ್ರೀಸನ್ನೇ ಹಾಕಬೇಕು.

ಹಳೆಯ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಅದನ್ನು ನಂಬಿ ಈಗಾಗಲೇ ಬಿಗಿದಿದ್ದರೆ, ಕಾರು ಚಕ್ರಗಳ ಮೇಲೆ ನಿಂತಿರುವಾಗ ಆ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯಿರಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.