ಕೆಟ್ಟು ನಿಂತ ಟ್ರೇಲರ್ ತೆಗೆಯೋರು ಯಾರು?

ಹೋದ ಕಬ್ಬಿನ ಹಂಗಾಮಿನಲ್ಲಿ ಮುಧೋಳ–ಜಮಖಂಡಿ ರಸ್ತೆಯಲ್ಲಿ ನಮ್ಮ ಕಾಕಾನ ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಟೈರ್ ಒಡೆದ ಕಬ್ಬಿನ ಟ್ರೇಲರ್ ಒಂದನ್ನು ರಸ್ತೆಯಲ್ಲೇ ಬಿಟ್ಟು ಹೋಗಿದ್ದರು. ಹಿಂದೆ ನಾಲ್ಕು ಕಲ್ಲು ಇಟ್ಟಿದ್ದರು, ಅಷ್ಟೇ. ಕತ್ತಲಲ್ಲಿ ಕಾಣಲಿಲ್ಲ. ಮೂರು ದಿನದಿಂದ ಅದು ಅಲ್ಲೇ ಇತ್ತಂತೆ. ಎಲ್ಲರೂ ನೋಡಿದ್ದರು, ಯಾರೂ ಮುಟ್ಟಿರಲಿಲ್ಲ. ಬೇರೆಯವರ ಗಾಡಿ ಅಲ್ವಾ.

ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಾಗ ಬಾಹ್ಯಾಕಾಶದ ಕಸದ ಬಗ್ಗೆ, ಅಂದರೆ ಕೆಟ್ಟು ಮೇಲೆಯೇ ಸುತ್ತುವ ಉಪಗ್ರಹ, ರಾಕೆಟ್ಟಿನ ಚೂರುಗಳ ಬಗ್ಗೆ ಓದಿದೆ. ಮೇಲೂ ಇದೇ ಕಥೆ.

2009ರ ಫೆಬ್ರುವರಿಯಲ್ಲಿ ಸೈಬೀರಿಯಾದ ಮೇಲೆ ರಷ್ಯಾದ ಸತ್ತ ಉಪಗ್ರಹ ಕಾಸ್ಮೋಸ್ 2251, ಕೆಲಸ ಮಾಡುತ್ತಿದ್ದ ಅಮೆರಿಕದ ಉಪಗ್ರಹ ಇರಿಡಿಯಂ 33ಕ್ಕೆ ಡಿಕ್ಕಿ ಹೊಡೆಯಿತು. ಎರಡೂ ಚೂರುಚೂರು. 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದಂತೆ ಇಂಥ ವಸ್ತು ಭೂಮಿಗೆ ಬಿದ್ದು ಹಾನಿಯಾದರೆ ಹಾರಿಸಿದ ದೇಶ ಪರಿಹಾರ ಕೊಡಬೇಕು, ತಪ್ಪು ಇರಲಿ ಬಿಡಲಿ. 1978ರಲ್ಲಿ ಕೆನಡಾದಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಬಿದ್ದು ವಿಕಿರಣ ಚೆಲ್ಲಿದಾಗ ಸೋವಿಯತ್ ಒಕ್ಕೂಟ ಕೊನೆಗೆ 30 ಲಕ್ಷ ಕೆನಡಾ ಡಾಲರ್ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ರಾಕೆಟ್ಟಿನ ದೊಡ್ಡ ಉಂಗುರ ಬಿದ್ದಿತ್ತಲ್ಲ, ಅದರಿಂದ ಯಾರದಾದರೂ ಮನೆ ಬಿದ್ದಿದ್ದರೆ ಇದೇ ಕಾನೂನಿನ ಕೆಳಗೆ ಕೇಳಬಹುದಿತ್ತು. ಆದರೆ ಡಿಕ್ಕಿ ಮೇಲೆಯೇ ಆದರೆ ತಪ್ಪು ಯಾರದು ಅಂತ ತೋರಿಸಬೇಕು. ಸತ್ತು ಸುತ್ತುವ ಯಂತ್ರದ ತಪ್ಪನ್ನು ಹೇಗೆ ತೋರಿಸುತ್ತೀರಿ? 2009ರ ಡಿಕ್ಕಿಗೆ ಆ ಒಪ್ಪಂದದ ಕೆಳಗೆ ಯಾವ ದೇಶವೂ ಪರಿಹಾರ ಕೇಳಲಿಲ್ಲ.

ನನಗೆ ಜಾಸ್ತಿ ಸಂಕಟ ಆಗಿದ್ದು ಇನ್ನೊಂದು ವಿಷಯಕ್ಕೆ. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯಂತೆ, ಮೇಲೆ ಹೋದ ವಸ್ತು ಕೆಟ್ಟು ಚೂರಾದರೂ ಅದರ ಒಡೆತನ ಹೋಗುವುದಿಲ್ಲ. ಹಾಗಾಗಿ ಬೇರೆ ದೇಶ ತಾನೇ ಖರ್ಚು ಹಾಕಿ ತೆಗೆಯಲು ಹೋದರೂ ಮೊದಲು ಒಡೆಯನನ್ನು ಕೇಳಬೇಕು. ಆದರೆ ಒಡೆಯನೇ ಅದನ್ನು ತೆಗೆಯಬೇಕು ಅಂತ ಆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. 2007ರ ವಿಶ್ವಸಂಸ್ಥೆಯ ಮಾರ್ಗಸೂಚಿ ಇದೆ, ಅದು ಬರೀ ಸಲಹೆ. ಕೆಲವು ದೇಶಗಳು ತಮ್ಮ ಮಟ್ಟಿಗೆ ನಿಯಮ ಮಾಡಿಕೊಂಡಿವೆ, ಅದು ಎಲ್ಲರಿಗೂ ಅನ್ವಯಿಸುವುದಿಲ್ಲ.

ಒಡೆಯನೇ ತೆಗೆಯಬೇಕು ಅಂತ ಕಾನೂನು ಮಾಡುವುದು ಆಗದ ಕೆಲಸವೇನೂ ಅಲ್ಲ. ಸಮುದ್ರಕ್ಕೆ ಅಂಥ ಕಾನೂನು ಆಗಲೇ ಇದೆ. 2007ರಲ್ಲಿ ನೈರೋಬಿಯಲ್ಲಿ ಒಪ್ಪಿದ್ದು, 2015ರಿಂದ ಜಾರಿಯಲ್ಲಿದೆ. ಮುಳುಗಿದ ಹಡಗು ಬೇರೆ ಹಡಗುಗಳಿಗೆ ಅಪಾಯ ತಂದರೆ ಮಾಲೀಕನೇ ತೆಗೆಯಬೇಕು. ಅವನು ತೆಗೆಯದಿದ್ದರೆ ಕರಾವಳಿಯ ದೇಶ ತೆಗೆದು ಖರ್ಚನ್ನು ಅವನಿಂದಲೇ ವಸೂಲಿ ಮಾಡಬಹುದು. ದೊಡ್ಡ ಹಡಗುಗಳಿಗೆ ಇದಕ್ಕಾಗಿಯೇ ವಿಮೆ ಕಡ್ಡಾಯ. ಉಪಗ್ರಹ ಹಾರಿಸುವಾಗಲೇ ಹೀಗೆ ವಿಮೆ ಕಟ್ಟಿಸಿಕೊಳ್ಳಬೇಕು.

ಬಾಹ್ಯಾಕಾಶಕ್ಕೂ ಇಂಥ ಕಾನೂನು ಬೇಕು ಅಂತ ಕೇಳುವ ಧೈರ್ಯ ಭಾರತಕ್ಕೆ ಬರಬೇಕು. 2023ರ ಮಾರ್ಚ್‌ನಲ್ಲಿ ಇಸ್ರೋ ಹಳೆಯ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ತಾನಾಗಿಯೇ ಇಳಿಸಿ ಪೆಸಿಫಿಕ್ ಸಾಗರದ ಮೇಲೆ ಮುಗಿಸಿತು. 2030ರ ಹೊತ್ತಿಗೆ ಕಸ ಬಿಡದೆ ಉಡಾವಣೆ ಮಾಡುವುದಾಗಿಯೂ ಹೇಳಿದೆ. ನನಗೆ ಹೆಮ್ಮೆ ಇದೆ. ಹಾಗಂತ ನಾವೇನೂ ಕಸ ಮಾಡಿಲ್ಲ ಅಂತಲ್ಲ. 2001ರಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ ಮೇಲೆ ಒಡೆದು ನೂರಾರು ಚೂರಾಗಿತ್ತು. ತೆಗೆಯಬೇಕಾದವರ ಪಟ್ಟಿ ಮಾಡುವಾಗ ನಮ್ಮ ಹೆಸರೇ ಮೊದಲು ಬಂದರೂ ನನಗೆ ಬೇಸರವಿಲ್ಲ.